ಎಲ್ಲದಕ್ಕೂ ಹೊಳೆ

ಕೋಡಿಬಾಗದ ಹೈಸ್ಕೂಲು, ಒಂಬತ್ತನೇ ಇಯತ್ತೆ, ಬಿ ವಿಭಾಗ,
ಊಟದ ನಂತರದ ಪಿರಿಯಡ್ಡು.
ಬೋರ್ಡಿನ ಮೇಲೆ ಆರು ಪದ ಬರೆದೆ:
ಗ್ಲೋ, ಗ್ಲೀಮ್, ಗ್ಲಿಂಟ್,
ಗ್ಲಿಸನ್, ಗ್ಲಿಟರ್, ಗ್ಲಿಮರ್.
ಎಲ್ಲದರ ಬಾಯಲ್ಲೂ ಗ್ಲ,
ಬಾಯಾರಿದವನ ಗಂಟಲಲ್ಲಿ
ಮೊದಲ ಗುಟುಕು ಇಳಿದ ಸದ್ದು.

ನನ್ನ ನಿಘಂಟು ಹಳೆಯದು, ರಟ್ಟು ಕಿತ್ತಿದೆ.
ಆರಕ್ಕೂ ಅದರದು ಹೆಚ್ಚುಕಡಿಮೆ ಒಂದೇ ಉತ್ತರ:
ಹೊಳೆ. ಹೊಳೆ. ಮಿನುಗು, ಹೊಳೆ.
ಕಿಟಕಿಯಾಚೆ ಕಾಳಿ ಹೊಳೆ
ಸೇತುವೆಯ ಕಾಲು ಸವರಿ ಸಮುದ್ರ ಸೇರುತ್ತಿತ್ತು,
ಇಷ್ಟು ಸಲ ಕರೆದರೂ
ತಿರುಗಿ ನೋಡದೆ.

ವ್ಯತ್ಯಾಸ ಬರೆಯಿರಿ ಅಂದೆ. ಹನ್ನೆರಡು ಅಂಕ.
ನನಗೇ ಗೊತ್ತಿರಲಿಲ್ಲ.
ಮೂವತ್ತೊಂದು ವರ್ಷದ ಸರ್ವೀಸು.

ರಾತ್ರಿ ಸದಾಶಿವಗಡದ ಮನೆಯಲ್ಲಿ ಪಟ್ಟಿ ತಿದ್ದುವಾಗ
ಮೂವತ್ತೆಂಟು ಮಕ್ಕಳು ಒಂದೇ ಗೈಡಿನಿಂದ ಹೊಳೆದಿದ್ದರು.
ಮೂವತ್ತೊಂಬತ್ತನೆಯದು ಸುಗಂಧಾ ತಾಂಡೇಲಳದು,
ಮೂಲೆಯಲ್ಲಿ ಒಂದು ಹುರುಪೆ ಅಂಟಿಕೊಂಡದ್ದು.

«ಗ್ಲಿಸನ್ ಅಂದರೆ ಈಗಷ್ಟೇ ಇಳಿದ ಬಂಗುಡೆ. ನೀರು ಅದರದ್ದೇ.
ಗ್ಲಿಟರ್ ಅಂದರೆ ಮೂರು ದಿನದ ಬಂಗುಡೆ ಮೇಲೆ ಐಸು.
ಗಿರಾಕಿಗೆ ಎರಡೂ ಒಂದೇ. ಆಯಿಗೆ ಅಲ್ಲ.

ಗ್ಲೀಮ್ ಅಂದರೆ ಉಜ್ಜಿದ್ದು.
ಆಯಿ ಬೂದಿ ಹಾಕಿ ತಿಕ್ಕಿದ ತಕ್ಕಡಿ ತಟ್ಟೆ.
ಉಜ್ಜದಿದ್ದರೆ ಗ್ಲೀಮ್ ಇಲ್ಲ.

ಗ್ಲಿಂಟ್ ಮೆಟ್ಟುಗತ್ತಿಯದು. ಒಂದೇ ಸಲ.
ಎರಡನೇ ಸಲ ನೋಡಲು ನಿಂತರೆ ಬೆರಳು ಇರುವುದಿಲ್ಲ.

ಗ್ಲೋ ಒಳಗಿಂದ. ಅಪ್ಪನ ಬೀಡಿ.
ಕತ್ತಲಲ್ಲಿ ಅಪ್ಪ ಕಾಣುವುದಿಲ್ಲ,
ಎಳೆದಾಗ ಮೂಗು ಮಾತ್ರ ಬರುತ್ತದೆ.»

ಗ್ಲಿಮರ್ ಎಂದು ಬರೆದು ಹೊಡೆದುಹಾಕಿದ್ದಳು.
ಮತ್ತೆ ಬರೆದು, ಮತ್ತೆ ಹೊಡೆದು,
ಕಾಗದ ತೂತಾಗಿ
ಹಿಂದಿನ ಪುಟದ ಗಣಿತ ಇಣುಕುತ್ತಿತ್ತು. ಅದರ ಕೆಳಗೆ:

«ಹೊರಗೆ ಹೋದ ಬೋಟಿನ ದೀಪ.
ಇದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ.
ದೇವಗಡದ ದೀಪಸ್ತಂಭದ್ದು ಗ್ಲಿಮರ್ ಅಲ್ಲ ಸರ್, ಅದು ಡ್ಯೂಟಿ.
ಎಣಿಸುತ್ತಾ ಕೂತರೆ ಬಂದೇ ಬರುತ್ತದೆ.
ಬೋಟು ಎಣಿಸಿದರೆ ಬರುವುದಿಲ್ಲ.

ನೀವು ಬರೆಯದ್ದು ಇನ್ನೊಂದಿದೆ.
ನೇವಿ ಗೇಟಿನ ಫ್ಲಡ್‌ಲೈಟು.
ಅದರಾಚೆ ಅಜ್ಜಿಯವರ ಬಾವಿ ಇತ್ತಂತೆ.
ನೋಡಲು ಹೋದರೆ ಕಣ್ಣೇ ಮುಚ್ಚಬೇಕು.
ಅದಕ್ಕೆ ಏನನ್ನುತ್ತಾರೆ?»

ಅದೊಂದು ನನಗೆ ಗೊತ್ತಿತ್ತು.
ಗ್ಲೇರ್, ಎಂದು ಅಂಚಿನಲ್ಲಿ ಬರೆದೆ.
ಕೆಂಪು ಶಾಯಿಯಲ್ಲಿ ಅದು
ಅವಳದೇ ತಪ್ಪಿನಂತೆ ಕಂಡಿತು.

ಅಂಕ ಹನ್ನೊಂದೂವರೆ.
ಗ್ಲಿಸನ್ನಿನೊಳಗೆ ಸುಮ್ಮನೆ ಕೂತಿರುವ ಟಿಯನ್ನು
ಬಿಟ್ಟಿದ್ದಳು. ನನ್ನ ಕಿವಿಗೂ ಅದು
ಎಂದೂ ಕೇಳಿದ್ದಿಲ್ಲ. ಆದರೂ ಅರ್ಧ ಕಳೆದೆ,
ಬೇರೇನೂ ಕಳೆಯಲು ಸಿಗದೆ.

ಶನಿವಾರ ಮೀನುಪೇಟೆ. ಅವಳ ಆಯಿ
ಮೊಣಕಾಲಿನ ತನಕ ಸೀರೆ ಎತ್ತಿ ಕಟ್ಟಿ ಕೂತಿದ್ದಳು.
ನಾನು ಬಗ್ಗಿ, ತಿಳಿದವನ ಹಾಗೆ,
ಅತ್ಯಂತ ಬೆಳ್ಳಗಿದ್ದ ಬಂಗುಡೆಗೆ ಬೆರಳು ತೋರಿಸಿದೆ.
«ಅದು ನಿಮಗೆ ಬೇಡ ಮಾಸ್ತರ್ರೆ.»
ಬುಟ್ಟಿಯ ತಳದಿಂದ ಬೇರೆ ಆರು ತೆಗೆದು
ಕಿವಿರು ಎತ್ತಿ ತೋರಿಸಿದಳು.
ಬೆಳಕಿಗೆ ಹಿಡಿದು ನೋಡಿದೆ, ಓರೆ ಮಾಡಿ ನೋಡಿದೆ,
ಕನ್ನಡಕ ಒರೆಸಿ ಮತ್ತೆ ನೋಡಿದೆ.
ಎರಡೂ ಒಂದೇ.

ನಿನಗೆ ಹೇಗೆ ಗೊತ್ತಾಗ್ತದೆ, ಕೇಳಿದೆ.
ಚಿಲ್ಲರೆ ಎಣಿಸುತ್ತಲೇ ಅಂದಳು:
«ಹೊಳೀತದೆ.»

ಮೀನೋ, ತಲೆಗೋ,
ಯಾವ ಹೊಳೆ ಎಂದು ಕೇಳುವಷ್ಟರಲ್ಲಿ
ಮುಂದಿನ ಗಿರಾಕಿ ಚೀಲ ಚಾಚಿದ್ದ.
ಸೇತುವೆ ದಾಟಿ ಮನೆ ತಲುಪುವ ತನಕ
ಚೀಲದಿಂದ ನೀರು ತೊಟ್ಟಿಕ್ಕುತ್ತಿತ್ತು,
ಬಂಗುಡೆಯದ್ದೇ ಇರಬೇಕು.